ಮೂರು ಗಾಲಿಯ ಗಾಡಿಗೊಂದು ಸೀಟು

ಕೂರುವ ಜಾಗದ ನೋವನ್ನು ಹೆಂಡತಿಗಲ್ಲದೆ ಬೇರೆ ಯಾರಿಗೂ ಹೇಳಿಕೊಳ್ಳುವ ಹಾಗಿಲ್ಲ. ತಲೆನೋವು ಅಂದರೆ ಪಕ್ಕದ ಮನೆಯವರು ಶುಂಠಿ ತೇಯ್ದು ತಂದುಕೊಡುತ್ತಾರೆ. ಹಲ್ಲುನೋವು ಅಂದರೆ ದಾರಿಯಲ್ಲಿ ಸಿಕ್ಕವರೂ ಲವಂಗ ಇಟ್ಟುಕೊಳ್ಳಪ್ಪ ಅನ್ನುತ್ತಾರೆ. ಕುಂಡಿ ನೋಯುತ್ತದೆ ಅಂತ ಹೇಳಿ ನೋಡಿ, ನಗದವರು ಒಬ್ಬರಿದ್ದರೆ ಕೇಳಿ. ನನ್ನ ಗಾಡಿಯ ಸೀಟು ಕಿತ್ತುಹೋದಾಗ ಹೆಂಡತಿ ಪ್ಲೇಗಿನಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಹೀಗಾಗಿ ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡು ಪೆಡಲು ತುಳಿದೆ.

ಅದು ಯುದ್ಧದ ಕಾಲ. ಕೋಲಾರದಲ್ಲಿ ರೇಷ್ಮೆ ಹುಳುವಿನ ಮೊಟ್ಟೆ ಮಾಡಿಸಿ ಮಾರುವ ಯಜಮಾನರೊಬ್ಬರ ಹತ್ತಿರ ನಾನು ಕೆಲಸಕ್ಕಿದ್ದೆ. ಚಿಟ್ಟೆಗಳು ಕಾಗದದ ಹಾಳೆಯ ಮೇಲೆ ಗಸಗಸೆಯಂಥ ಮೊಟ್ಟೆ ಇಡುತ್ತಿದ್ದವು. ಆ ಹಾಳೆಗಳನ್ನು ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತರ ಮನೆಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಒಂದು ದಿನ ವಕ್ಕಲೇರಿ ದಾಟಿ ಮಾಲೂರಿನ ಕಡೆ, ಒಂದು ದಿನ ವೇಮಗಲ್ ಕಡೆ, ಇನ್ನೊಂದು ದಿನ ಮುಳಬಾಗಿಲು, ಮತ್ತೊಂದು ದಿನ ಶ್ರೀನಿವಾಸಪುರ. ಬಿಸಿಲು ಬಲಿಯುವ ಮೊದಲೇ ಮುಟ್ಟಬೇಕು, ಇಲ್ಲದಿದ್ದರೆ ಮೊಟ್ಟೆಯೊಳಗೇ ಹುಳು ಸಾಯುತ್ತದೆ. ಬಸ್ಸಿನ ಕುಲುಕಾಟವೂ ಆಗದು, ಅದರ ಹೊಗೆಯಂತೂ ಮೊದಲೇ ಆಗದು.

ಇದಕ್ಕೆಂದೇ ಯಜಮಾನರು ಬೆಂಗಳೂರಿನ ದಂಡಿನ ಕಡೆಯಿಂದ ಹಳೆಯದೊಂದು ಮೂರು ಗಾಲಿಯ ಸೈಕಲ್ ಗಾಡಿ ತರಿಸಿದ್ದರು. ಮುಂದೆ ಒಂದು ಗಾಲಿ, ಹಿಂದೆ ಎರಡು, ಹಿಂದಿನ ಎರಡರ ನಡುವೆ ಮರದ ಪೆಟ್ಟಿಗೆ. ಮೊದಲು ಯಾರೋ ಅದರಲ್ಲಿ ಬ್ರೆಡ್ಡು ಮಾರುತ್ತಿದ್ದರಂತೆ. ಪೆಟ್ಟಿಗೆಯ ಸಂದುಗಳಲ್ಲಿ ಉಳಿದಿದ್ದ ಪುಡಿಗೆ ಇರುವೆ ಮುತ್ತಿಕೊಂಡು ಮೊದಲ ಸಲವೇ ಮೊಟ್ಟೆಗಳೆಲ್ಲ ಹಾಳಾದವು. ಆಮೇಲೆ ನಾನೂ ನನ್ನ ಹೆಂಡತಿಯೂ ಕೂತು ಬೇವಿನ ನೀರು ಹಾಕಿ ಆ ಪೆಟ್ಟಿಗೆಯನ್ನು ಉಜ್ಜಿದ ಹಾಗೆ ನಮ್ಮ ಮನೆಯ ಪಾತ್ರೆಯನ್ನೂ ಉಜ್ಜಿದವರಲ್ಲ.

ಅವಳೂ ನನ್ನ ಜೊತೆ ಬರುತ್ತಿದ್ದಳು. ಹೆಂಗಸು ಗಾಡಿ ಹತ್ತಿ ಊರೂರು ತಿರುಗುವುದೇ ಅಂತ ಆಡಿಕೊಂಡವರು ಇದ್ದರು. ಆದರೆ ಅವಳಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ನನ್ನ ಸೀಟಿಗೂ ಪೆಟ್ಟಿಗೆಗೂ ನಡುವೆ ಗಾಡಿಯ ಬಲಗಡೆಗೆ ಒಂದು ಗೇಣು ಹಲಗೆ ಹೊಡೆದಿದ್ದೆ. ಅದರ ಮೇಲೆ ಅಡ್ಡಲಾಗಿ ಕೂತು, ಮಡಿಲಲ್ಲಿ ನೀರಿನ ಚೊಂಬು ಇಟ್ಟುಕೊಂಡು, ಪೆಟ್ಟಿಗೆಯೊಳಗಿನ ಬಟ್ಟೆ ಒಣಗಿದ ಹಾಗೆಲ್ಲ ನೀರು ಚಿಮುಕಿಸುತ್ತಿದ್ದಳು. ಮನೆಗಳಿಗೆ ಹಾಳೆ ಕೊಡುವವಳೂ ಅವಳೇ. ಹುಳು ಸಾಕುವ ಮನೆ ಬಾಣಂತಿ ಮನೆಯಿದ್ದ ಹಾಗೆ. ದಾರಿಯ ಧೂಳು ಹೊತ್ತು ಬಂದ ಪರಗಂಡಸು ಹೊಸ್ತಿಲು ದಾಟುವ ಹಾಗಿಲ್ಲ. ಮುತ್ತೈದೆಯೊಬ್ಬಳು ಕಾಲು ತೊಳೆದುಕೊಂಡು ಒಳಗೆ ಹೋಗಿ, ಅರಿಶಿನ ಕುಂಕುಮ ಇಟ್ಟ ಮೊರದಲ್ಲಿ ಹಾಳೆ ಇಟ್ಟು ಕೊಟ್ಟರೆ ಬೆಳೆ ಚೆನ್ನಾಗಿ ಆಗುತ್ತದೆಂದು ಅವರ ನಂಬಿಕೆ. ಅವಳು ಒಳಗೆ ಹೋದರೆ ಬೇಗ ಬರುತ್ತಿರಲಿಲ್ಲ. ನಾನು ಹೊರಗೆ ಸೀಟಿನ ಮೇಲೆ ಕೂತು ಸಿಡಿಮಿಡಿ ಅನ್ನುತ್ತಿದ್ದೆ. ಬರುವಾಗ ಒಂದು ಲೋಟ ಮಜ್ಜಿಗೆಯನ್ನೂ ಆ ಮನೆಯ ಸುದ್ದಿಯೆಲ್ಲವನ್ನೂ ಹೊತ್ತುಕೊಂಡು ಬರುತ್ತಿದ್ದಳು. ಯಾರ ಮಗಳು ಬಸುರಿ, ಯಾರ ಅತ್ತೆಗೆ ಬಾಯಿ ಜೋರು, ಎಲ್ಲವನ್ನೂ ಮುಂದಿನ ಊರು ಬರುವವರೆಗೆ ನನ್ನ ಬೆನ್ನಿಗೆ ಹೇಳುತ್ತಿದ್ದಳು.

ಅವಳು ಹೋದ ಮೇಲೆ ಅದೇ ಮನೆಗಳ ಮುಂದೆ ನಾನು ಗಂಟೆ ಬಾರಿಸಿ ನಿಲ್ಲುತ್ತಿದ್ದೆ. ಒಳಗಿನಿಂದ "ಅಲ್ಲೇ ಜಗಲಿ ಮ್ಯಾಲೆ ಇಟ್ಟು ಹೋಗಣ್ಣ" ಅಂತ ಒಂದು ದನಿ ಬರುತ್ತಿತ್ತು. ಅವರದೇನೂ ತಪ್ಪಿಲ್ಲ. ನಾನು ಹಾಳೆ ಇಟ್ಟು, ಮತ್ತೆ ಸೀಟು ಹತ್ತಿ, ಬೇರೊಂದು ಊರಿನ ಬೇರೊಂದು ಜಗಲಿಗೆ ಹೋಗುತ್ತಿದ್ದೆ. ದಿನವಿಡೀ ನಾನು ಕೂರುತ್ತಿದ್ದ ಜಾಗವೆಂದರೆ ಅದೊಂದೇ.

ಅಂಥ ಸೀಟು ಒಂದು ಬೆಳಿಗ್ಗೆ ನರಸಾಪುರದ ಹತ್ತಿರ ಪಟ್ಟನೆ ಹರಿಯಿತು. ಚರ್ಮ ಎಡಗಡೆಯಿಂದ ಸೀಳಿ, ಸ್ಪ್ರಿಂಗು ಮೇಲೆ ಬಂದು ತೊಡೆಗೆ ಚುಚ್ಚಿತು. ಗೋಣಿಚೀಲ ಮಡಿಸಿ ಕಟ್ಟಿಕೊಂಡು ಹೇಗೋ ಊರು ಸೇರಿದೆ.

ಯಜಮಾನರು ನೋಡಿ, "ಹೋಗ್ಲಿ ಬಿಡೋ. ಗಾಡಿ ಮೂಲೆಗೆ ಹಾಕು. ಹಳ್ಳಿಯೋರೇ ಬಂದು ತಗೊಂಡ್ ಹೋಗ್ಲಿ. ನೀನು ಒಳಗೆ ಚಿಟ್ಟೆ ಬಿಡಿಸ್ಕೊಂಡು ಕೂತ್ಕೋ" ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ಅದು ಆಗದ ಮಾತು. ಜೋಡಿಯಾದ ಚಿಟ್ಟೆಗಳನ್ನು ಬಿಡಿಸಿ ಮೊಟ್ಟೆಗೆ ಇಡುವ ಆ ಕೋಣೆ ಕತ್ತಲು. ಅಲ್ಲಿ ದಿನವೆಲ್ಲ ಕೂತು, ಸಂಜೆ ನನ್ನ ಬಾಡಿಗೆಯ ಕೋಣೆಗೆ ಹೋದರೆ ಅದೂ ಕತ್ತಲು. ಜಗಲಿ ಮೇಲೆ ಇಟ್ಟು ಹೋಗು ಅನ್ನುವ ದನಿಗಳಾದರೂ ಅವಳನ್ನು ಕಂಡಿದ್ದ ದನಿಗಳು. ಆ ನಾಲ್ಕು ದಾರಿಗಳನ್ನು ಬಿಟ್ಟರೆ ನನಗೆ ಲೋಕದಲ್ಲಿ ಏನೂ ಉಳಿಯುತ್ತಿರಲಿಲ್ಲ. "ಇಲ್ಲ ಸ್ವಾಮಿ, ಸೀಟು ನಾನೇ ಹುಡುಕ್ತೀನಿ" ಅಂದೆ.

ಹುಡುಕಲು ಸೀಟೆಲ್ಲಿತ್ತು? ಒಳ್ಳೆಯ ಚರ್ಮವೆಲ್ಲ ಸಿಪಾಯಿಗಳ ಬೂಟಿಗೆ ಹೋಗುತ್ತಿತ್ತು. ಕೋಲಾರದ ಸೈಕಲ್ ಅಂಗಡಿಯವನು ಅಟ್ಟದಿಂದ ಒಂದು ಸೀಟು ಇಳಿಸಿಕೊಟ್ಟ. ಗಾಳಿ ಸೀಳಿಕೊಂಡು ಬಗ್ಗಿ ಓಡಿಸುವ ಹುಡುಗರಿಗೆ ಮಾಡಿದ್ದು, ಕುಡುಗೋಲಿನಷ್ಟು ಅಗಲ. ಎರಡು ಗಾಲಿಯ ಸೈಕಲ್ಲಿನಲ್ಲಿ ಮೈ ಮುಂದಕ್ಕೆ ಬಾಗಿರುತ್ತದೆ, ತಿರುವಿನಲ್ಲಿ ಸೈಕಲ್ಲೂ ಜೊತೆಗೆ ವಾಲುತ್ತದೆ. ಮೂರು ಗಾಲಿಯದು ಹಾಗಲ್ಲ. ಅದು ವಾಲುವುದೇ ಇಲ್ಲ. ನೆಟ್ಟಗೆ ಕೂತವನ ಭಾರವೆಲ್ಲ ಸೀಟಿನ ಮೇಲೆ, ರಸ್ತೆ ಇಳಿಜಾರಾದ ಕಡೆಗೆಲ್ಲ ಮೈ ಜಾರುತ್ತದೆ. ಆ ಸೀಟಿನಲ್ಲಿ ವೇಮಗಲ್ಲಿಗೆ ಹೋಗಿಬಂದ ದಿನ ನಾನು ಊಟವನ್ನೂ ನಿಂತೇ ಮಾಡಿದೆ.

ಮುಳಬಾಗಿಲಿನಲ್ಲಿ ಒಬ್ಬರ ಮನೆಯ ಹಿತ್ತಿಲಲ್ಲಿ ಹಳೆಯ ಸೈಕಲ್ಲೊಂದು ತುಕ್ಕು ಹಿಡಿದು ಬಿದ್ದಿತ್ತು. ಕೇಳಿ ಅದರ ಸೀಟು ಕಳಚಿಕೊಂಡು ಬಂದೆ. ಅಗಲವೇನೋ ಇತ್ತು, ಆದರೆ ಯಾರೋ ಕೂತು ಕೂತು ಅದರ ಚರ್ಮ ಅವರ ಮೈಗೆ ತಕ್ಕ ಹಾಗೆ ತಗ್ಗಿಹೋಗಿತ್ತು. ಇನ್ನೊಬ್ಬರ ಹಲ್ಲಿನ ಸೆಟ್ಟು ಹಾಕಿಕೊಂಡ ಹಾಗಾಯಿತು. ಸೊಂಟದ ಕೆಳಗೆ ಎಡಗಡೆ ಹುಣ್ಣಾಯಿತು. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕನ್ನಡಿ ಇಟ್ಟು, ಅದರ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಹುಣ್ಣಿಗೆ ಬೆಣ್ಣೆ ಹಚ್ಚಿಕೊಳ್ಳಲು ಹೆಣಗಿದೆ. ಕನ್ನಡಿಯಲ್ಲಿ ಎಡ ಬಲ ತಿಳಿಯದೆ ಬೆಣ್ಣೆಯೆಲ್ಲ ತೊಡೆಗೆ ಹತ್ತಿತು. ಮೊದಲು ನಗು ಬಂತು. ಆಮೇಲೆ, ಇಷ್ಟು ಮಾಡಲು ಒಂದು ಕೈ ಇಲ್ಲವಲ್ಲ ಅನ್ನಿಸಿ ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟೆ.

ಕೋಲಾರದಲ್ಲಿ ಜಟಕಾ ನಿಲ್ಲುವ ಕಡೆ ಕುದುರೆಗಳಿಗೆ ಜೀನು, ಪಟ್ಟಿ ಹೊಲಿಯುವ ವಯಸ್ಸಾದ ಸಾಹೇಬರೊಬ್ಬರು ಇದ್ದರು. ಸೀಟು ಹೊಲಿದುಕೊಡಿ ಅಂತ ಅವರ ಹತ್ತಿರ ಹೋದೆ.

"ಅರೆ ಭಾಯಿ, ನಾನು ಹೊಲಿಯೋದು ಕುದುರೆಗೆ. ಅದರ ಬೆನ್ನು ಹುಣ್ಣಾಗಬಾರದು, ಅಷ್ಟೇ. ಮೇಲೆ ಕೂತೋನ ಗೋಳು ನಾನು ಯಾವತ್ತೂ ಕೇಳಿಲ್ಲ" ಅಂದರು.

"ಈಗ ಕೇಳಿ" ಅಂದೆ. ನನ್ನ ಮುಖ ನೋಡಿ ಒಪ್ಪಿಕೊಂಡರು.

ಕೇಳಿದ್ದೇನೋ ಕೇಳಿದರು. ಆದರೆ ಕೈಗೆ ಅಭ್ಯಾಸವಾದದ್ದು ಕುದುರೆ. ಅದರ ಬೆನ್ನಮೂಳೆಗೆ ತಾಗದಿರಲೆಂದು ಬಿಡುವ ಹಾಗೆ ನಡುವೆ ಹಳ್ಳ ಬಿಟ್ಟು, ಎರಡು ಕಡೆ ತೆಂಗಿನ ನಾರು ತುಂಬಿ, ದಿಂಬಿನಂಥ ಸೀಟು ಮಾಡಿಕೊಟ್ಟರು. ಕೈಯಲ್ಲಿ ಒತ್ತಿದರೆ ಬಹಳ ಸುಖ. ಅದರ ಮೇಲೆ ಕೂತು ಮುಳಬಾಗಿಲಿಗೆ ಹೋಗುವಷ್ಟರಲ್ಲಿ ನಾರು ತಗ್ಗಿ, ಮೂಳೆ ಒಳಗೆ ಇಳಿದು, ಪಕ್ಕದ ಮೆತ್ತೆ ಮೇಲೆದ್ದು ತೊಡೆಸಂದು ಉಜ್ಜಿಹೋಯಿತು. ಮೆತ್ತಗಿದ್ದರೆ ಸಾಕು ಹಿತವಾಗಿರುತ್ತದೆಂದು ನಾನು ನಂಬಿದ್ದೆ, ಅವರೂ ನಂಬಿದ್ದರು. ಇಬ್ಬರೂ ಬೇಸ್ತು ಬಿದ್ದೆವು.

ಸಾಹೇಬರಿಗೆ ಅವಮಾನವಾದ ಹಾಗಾಯಿತು. ಗಡ್ಡ ಕೆರೆದುಕೊಂಡು ಯೋಚಿಸಿದರು. "ಕುದುರೆ ಆದ್ರೆ ಅದರ ಬೆನ್ನಿಗೆ ಒದ್ದೆ ಸುಣ್ಣ ಬಳಿದು ಜೀನು ಇಡ್ತೀನಿ. ಎಲ್ಲಿ ಒತ್ತುತ್ತೆ ಗೊತ್ತಾಗುತ್ತೆ. ನಿನಗೆ ಸುಣ್ಣ ಬಳಿಯೋಕಾಗುತ್ತಾ? ನಕ್ಕೋ ಭಾಯಿ, ಅದು ಬೇಡ. ಮಾಲೂರಿಗೆ ಹೋಗ್ತೀಯಲ್ಲ, ಅಲ್ಲಿ ಇಟ್ಟಿಗೆ ಮಣ್ಣು ಹದವಾಗಿರುತ್ತೆ. ಸೀಟಿನ ಜಾಗದಲ್ಲಿ ಹಲಗೆ ಇಟ್ಟು, ಅದರ ಮೇಲೆ ಮಣ್ಣಿಟ್ಟು, ಗಾಡಿ ತುಳಿಯೋ ಹಾಗೆ ಕೂತು ಅಚ್ಚು ತಗೊಂಡ್ ಬಾ" ಅಂದರು.

ಮಾಲೂರಿನ ಇಟ್ಟಿಗೆ ಗೂಡಿನ ಹತ್ತಿರ ಮಣ್ಣು ಕೇಳಿದಾಗ ಯಾತಕ್ಕೆ ಅಂದರು. ಸೀಟಿನ ಜಾಗದಲ್ಲಿಟ್ಟ ಹಲಗೆಯ ಮೇಲೆ ಮಣ್ಣಿನ ಮುದ್ದೆ ತಟ್ಟಿ, ಅದರ ಮೇಲೆ ಒದ್ದೆ ಬಟ್ಟೆ ಹಾಸಿ, ಪಂಚೆ ಬಿಗಿದು ಕೂತೆ. ಇಟ್ಟಿಗೆ ಹೊರುತ್ತಿದ್ದ ಹೆಂಗಸರೆಲ್ಲ ನಿಂತರು. ಒಬ್ಬಳು ಬಾಯಿ ಗಟ್ಟಿಗಿತ್ತಿ, "ಏಮಿ ಮಾವಾ, ಇಷ್ಟು ದಿನ ಮೊಟ್ಟೆ ಹಂಚ್ತಿದ್ದೆ. ಈಗ ನೀನೇ ಕಾವಿಗೆ ಕೂತ್ಕೊಂಡ್ಯಾ?" ಅಂದಳು. ಗೂಡಿನವರೆಲ್ಲ ಹೋ ಅಂತ ನಕ್ಕರು. ನನಗೂ ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಹೊಟ್ಟೆ ನೋಯುವಷ್ಟು ನಕ್ಕೆ.

ಮೊಟ್ಟೆ ಖಾಲಿಯಾಗಿದ್ದ ಪೆಟ್ಟಿಗೆಯಲ್ಲಿ ಆ ಅಚ್ಚನ್ನು ಇಟ್ಟುಕೊಂಡು ಹೊರಟಾಗ ವಕ್ಕಲೇರಿಯವರೆಗೂ ಆ ಮಾತೇ ಕಿವಿಯಲ್ಲಿತ್ತು. ಮನೆಗೆ ಹೋಗಿ ಇದನ್ನು ಹೇಳಬೇಕು ಅನ್ನಿಸಿತು. ಹೇಳುವ ಧಾಟಿಯನ್ನೂ ಮನಸ್ಸಿನಲ್ಲೇ ಸರಿಮಾಡಿಕೊಂಡೆ. ಕೇಳಲು ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಊರು ಹತ್ತಿರ ಬಂದಾಗ ಹೊಳೆಯಿತು. ನಗುವ ಮಾತು ಸಿಕ್ಕಿ ಹಂಚಿಕೊಳ್ಳಲು ಜನವಿಲ್ಲದಿದ್ದರೆ ಆಗುವ ಸಂಕಟ ಅಳುವಿನದಕ್ಕಿಂತ ದೊಡ್ಡದು. ಅಳುವುದನ್ನು ಒಬ್ಬನೇ ಮಾಡಬಹುದು.

ಸಾಹೇಬರು ಅಚ್ಚನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಎರಡು ಗುಳಿಗಳಿದ್ದವು. ಎಡಗಡೆಯದು ಆಳ, ಬಲಗಡೆಯದು ಸುಮ್ಮನೆ ತಾಗಿದಷ್ಟು. ಎರಡೂ ಹಲಗೆಯ ನಡುವೆ ಇರದೆ ಎಡ ಅಂಚಿಗೆ ಸರಿದಿದ್ದವು. ಕಿತ್ತುಹೋದ ಹಳೆಯ ಸೀಟನ್ನೂ ಪಕ್ಕದಲ್ಲಿಟ್ಟು ನೋಡಿದರು. ಅದು ಹರಿದದ್ದೂ ಎಡಗಡೆಯೇ.

"ಬಲಗಡೆ ಯಾರು ಕೂತ್ಕೋತಾರೆ?" ಅಂದರು.

"ಯಾರೂ ಇಲ್ಲ."

"ಸುಳ್ಳು ಹೇಳ್ತೀಯ ಭಾಯಿ. ಕಾಲು ಕುಂಟಾಗಿಲ್ಲ, ಸೊಂಟ ಮುರಿದಿಲ್ಲ. ಮತ್ತೆ ಯಾರಿಗೆ ಜಾಗ ಬಿಟ್ಟು ಕೂತಿದ್ದೀಯ?"

ನನಗೆ ಕೆಂಡದಂಥ ಕೋಪ ಬಂತು. "ಸೀಟು ಹೊಲಿಯೋರು ಸೀಟು ಹೊಲೀರಿ, ಇಲ್ಲದ ಉಸಾಬರಿ ನಿಮಗ್ಯಾಕೆ?" ಅಂತ ಕೂಗಾಡಿ ಹೊರಗೆ ಬಂದೆ. ಗಾಡಿ ಹತ್ತಿ ಕೂತೆ. ಕೂತ ಮೇಲೆ ಬಗ್ಗಿ ನೋಡಿಕೊಂಡೆ. ಅವರು ಹೇಳಿದ್ದು ನಿಜ. ನನ್ನ ಮೈ ತಾನಾಗಿಯೇ ಎಡಕ್ಕೆ ಸರಿದು ಕೂತಿತ್ತು. ಬಲಗಡೆ ಅವಳ ಬೆನ್ನು ನನ್ನ ಸೊಂಟಕ್ಕೆ ಒರಗುತ್ತಿತ್ತು, ಅವಳ ಕೈ ಸೀಟಿನ ಅಂಚು ಹಿಡಿದಿರುತ್ತಿತ್ತು. ಅವಳ ಬೆರಳು ನಲುಗದಿರಲೆಂದು ನಾನು ಸರಿದು ಕೂರುತ್ತಿದ್ದೆ. ಅವಳು ಹೋದ ಮೇಲೂ ಹಾಗೇ ಕೂತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಮಾರನೆಯ ದಿನ ತಲೆ ತಗ್ಗಿಸಿಕೊಂಡು ಹೋಗಿ ಹೇಳಿದೆ. ಸಾಹೇಬರು ನನ್ನ ಕಡೆ ನೋಡದೆ ದಾರಕ್ಕೆ ಮೇಣ ಉಜ್ಜುತ್ತಾ ಕೇಳಿಸಿಕೊಂಡರು. ಆಮೇಲೆ ಅಂದರು, "ಎರಡು ಥರ ಮಾಡಬಹುದು. ನೀನು ಕೂರೋ ಹಾಗೇನೇ ಎಡಕ್ಕೆ ಅಗಲ ಬಿಟ್ಟು ಮಾಡಿದ್ರೆ ಇವತ್ತಿಂದಾನೇ ಹಿತ. ಆದ್ರೆ ನಿನ್ನ ಹಿಂದಿನ ಎಡ ಟೈರು ನೋಡಿದ್ದೀಯಾ? ಬಲದ್ದು ಇನ್ನೂ ಹೊಸದಾಗೈತೆ, ಎಡದ್ದು ನೂಲು ಬಿಟ್ಟಿದೆ. ಹಿಂಗೇ ಕೂತ್ರೆ ಬೇಗ ಹೋಗುತ್ತೆ. ಈ ಯುದ್ಧದಲ್ಲಿ ಇನ್ನೊಂದು ಎಲ್ಲಿ ತರ್ತೀಯ? ನಡುವೆ ಕೂರೋ ಹಾಗೆ ಮಾಡಿದ್ರೆ ಸ್ವಲ್ಪ ದಿನ ಮೈ ನೋಯುತ್ತೆ, ಗಾಡಿ ಉಳಿಯುತ್ತೆ. ಯಾವುದು ಬೇಕು ನೀನೇ ಹೇಳು."

ಅವಳ ಜಾಗ ಉಳಿಸಿಕೊಂಡರೆ ಅವಳು ಬಂದ ದಾರಿಗಳು ಹೋಗುತ್ತವೆ. ದಾರಿಗಳನ್ನು ಉಳಿಸಿಕೊಳ್ಳಬೇಕಾದರೆ ಅವಳ ಜಾಗ ಬಿಡಬೇಕು. ಇಂಥ ಆಯ್ಕೆಯನ್ನು ಯಾವ ಸೈಕಲ್ ಅಂಗಡಿಯಲ್ಲೂ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಕೊನೆಗೆ, "ನಡುವೇನೇ ಮಾಡಿ" ಅಂದೆ. ದನಿ ನನ್ನದಲ್ಲ ಅನ್ನಿಸಿತು.

ಈ ಸಲ ಅವರು ಹಳೆಯ ಸೀಟಿನ ಕಬ್ಬಿಣ, ಸ್ಪ್ರಿಂಗು ಉಳಿಸಿಕೊಂಡು, ಕುದುರೆಯ ಹೊಟ್ಟೆಪಟ್ಟಿಯ ದಪ್ಪ ಚರ್ಮವನ್ನು ಬಿಗಿಯಾಗಿ ಎಳೆದು ಹೊಡೆದರು. ಹಿಂದೆ ಎರಡು ಮೂಳೆಯೂ ಕೂರುವಷ್ಟು ಅಗಲ, ಮುಂದೆ ತೊಡೆಗೆ ತಾಗದ ಹಾಗೆ ಸಪೂರ. ಮೆತ್ತೆಯೇ ಇಲ್ಲ. ಮೊದಲ ದಿನಗಳು ನರಕ. ಒಂದು ಮೈಲಿ ನಡುವೆ ಕೂತರೆ ಮುಂದಿನ ಮೈಲಿಗೆ ನನಗೇ ತಿಳಿಯದೆ ಎಡಕ್ಕೆ ಬಂದಿರುತ್ತಿದ್ದೆ. ಲೇ, ಸರಿ ಕೂತ್ಕೊಳೋ ಅಂತ ನನ್ನನ್ನು ನಾನೇ ಬೈದುಕೊಂಡು ಮತ್ತೆ ಸರಿಯುತ್ತಿದ್ದೆ. ಬಲಗಡೆಗೆ ಸರಿದಾಗಲೆಲ್ಲ ಅವಳನ್ನು ತಳ್ಳಿದ ಹಾಗಾಗುತ್ತಿತ್ತು.

ಮೈಗೆ ಮನಸ್ಸಿನಷ್ಟು ಹಟವಿಲ್ಲ. ಚರ್ಮ ಹದಕ್ಕೆ ಬಂತು, ಹುಣ್ಣು ಒಣಗಿತು. ಒಂದು ಬೆಳಿಗ್ಗೆ ಶ್ರೀನಿವಾಸಪುರದ ದಾರಿಯಲ್ಲಿ, ಮಾವಿನ ತೋಪುಗಳ ನಡುವೆ ಹೋಗುವಾಗ, ಹೊರಟಾಗಿನಿಂದ ಎಲ್ಲೂ ನೋವಾಗಿಲ್ಲ ಅನ್ನುವುದು ಗಮನಕ್ಕೆ ಬಂತು. ಅಷ್ಟು ಹಿತವಾದ ಸೀಟಿನ ಮೇಲೆ ನಾನು ಹಿಂದೆಂದೂ ಕೂತಿರಲಿಲ್ಲ. ಸಂತೋಷವಾಗಬೇಕಿತ್ತು. ಆಗಲಿಲ್ಲ.

ಶ್ರೀನಿವಾಸಪುರದ ಈಚೆಗಿನ ಒಂದು ಹಳ್ಳಿಯಲ್ಲಿ ಹುಳು ಸಾಕುವ ಮುದುಕಿಯೊಬ್ಬರ ಮನೆಯಿತ್ತು. ನನ್ನ ಹೆಂಡತಿ ಒಳಗೆ ಹೋದರೆ ಅತಿ ಹೆಚ್ಚು ಹೊತ್ತು ಉಳಿಯುತ್ತಿದ್ದದ್ದು ಆ ಮನೆಯಲ್ಲೇ. ಆವತ್ತು ಆ ಅಜ್ಜಿ ಹೊರಗೇ ಕೂತು ಸೊಪ್ಪು ಬಿಡಿಸುತ್ತಿದ್ದರು. ದೂರದಿಂದಲೇ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡುತ್ತಿದ್ದರು. ನಾನು ಗಾಡಿ ನಿಲ್ಲಿಸಿದೆ. ಅಜ್ಜಿ ಮೆಲ್ಲಗೆ ಕೇಳಿದರು.

"ಏಮಣ್ಣಾ, ಆಯಮ್ಮನ್ನ ಎಲ್ಲಿ ಇಳಿಸಿ ಬಂದೆ?"

ನನಗೆ ಅರ್ಥವಾಗಲಿಲ್ಲ. "ಯಾರನ್ನಮ್ಮ?"

"ಇನ್ಯಾರನ್ನ? ನಿನ್ನ ಹೆಂಡ್ತೀನ. ಇಷ್ಟು ವರ್ಷ ಪಕ್ಕದಲ್ಲಿ ಜಾಗ ಬಿಟ್ಕೊಂಡೇ ಬರ್ತಿದ್ದೆ. ದೂರದಿಂದ ನೋಡಿದ್ರೆ ಆಯಮ್ಮಾನೂ ಬರ್ತಾವ್ಳೆ ಅನ್ನೋ ಹಾಗಿರ್ತಿತ್ತು. ಈ ದಾರಿ ಸಾಲಿನ ಹೆಂಗಸ್ರೆಲ್ಲ ಮಾತಾಡ್ಕೋತಿದ್ವಿ, ಪಾಪ, ಇನ್ನೂ ಕೂರಿಸ್ಕೊಂಡೇ ತಿರುಗ್ತಾನೆ ಅಂತ. ಇವತ್ತು ಒಬ್ಬನೇ ಬಂದ್ಯಲ್ಲಾ."

ಯಾರೂ ನನ್ನನ್ನು ನೋಡುವುದಿಲ್ಲ ಅಂದುಕೊಂಡು ಓಡಾಡಿದ್ದೆ. ಕಿಟಕಿ ಸಂದಿಗಳಿಂದ, ಬಾಗಿಲ ಮರೆಯಿಂದ, ಎಲ್ಲರೂ ನೋಡಿದ್ದರು. ನನಗೆ ತಿಳಿಯದೆ ಇದ್ದದ್ದನ್ನು ಅವರು ತಿಳಿದಿದ್ದರು, ನನಗೆ ನೋವಾಗದಿರಲೆಂದು ಬಾಯಿ ಬಿಟ್ಟಿರಲಿಲ್ಲ.

"ಇಳಿದ್ಲು ಕಣಮ್ಮ," ಅಂದೆ. "ನಾನೇ ಇಳಿಸ್ದೆ."

ಊರಾಚೆ ಹಾಕಿದ್ದ ಪ್ಲೇಗಿನ ಗುಡಿಸಲಿನಲ್ಲಿ ಅವಳ ಕಣ್ಣು ಮುಚ್ಚಿದವನು ನಾನೇ, ಮಣ್ಣು ಹಾಕಿದವನೂ ನಾನೇ. ಆದರೂ ಅವಳು ಸತ್ತಳು ಅನ್ನುವುದು ನನಗೆ ಗೊತ್ತಾದದ್ದು ಆ ಮಾತು ಆಡಿದಾಗ. ಅಜ್ಜಿಯ ಮನೆಯ ಮುಂದೆ, ಸೀಟಿನ ನಟ್ಟನಡುವೆ ನೆಟ್ಟಗೆ ಕೂತು, ನಾಚಿಕೆ ಬಿಟ್ಟು ಗಟ್ಟಿಯಾಗಿ ಅತ್ತೆ.